ಮೊದಲ ಬೇಡ

ಔಮ್ ಬಿದಾಳಿಗೆ, ಅಂದರೆ ನಮ್ಮ ಬಿದಾ ಅಮ್ಮನಿಗೆ, ನಾಚಿಕೆ ಇಲ್ಲ ಎಂದು ನಮ್ಮ ಊರಿನಲ್ಲಿ ಹೇಳದವರಿಲ್ಲ. ಮದುವೆಯ ಮನೆಯಾಗಲಿ, ಸಾವಿನ ಮನೆಯಾಗಲಿ, ಬಡಿಸುವವರು ಬಾಗಿಲಲ್ಲಿ ಕಾಣಿಸಿಕೊಳ್ಳುವುದೇ ತಡ, ಅವಳ ಬಟ್ಟಲು ಮುಂದೆ ಬಂದಿರುತ್ತದೆ. ತಗೋ ಎಂದರೆ ತೆಗೆದುಕೊಂಡಳು, ಕೂತ್ಕೋ ಎಂದರೆ ಕೂತಳು. ಬಾಯಿಗೆ ಅಂಗೈ ಅಡ್ಡ ಹಿಡಿದು 'ಮೇಶು ಮೇಶು, ಬೇಡ ಬೇಡ' ಎನ್ನುವ ಉಪಚಾರವೇ ಅವಳಲ್ಲಿಲ್ಲ. ನಮ್ಮ ಭೂತಾನದ ಈ ಹಾ ಕಣಿವೆಯಲ್ಲಿ ನಾಯಿ ಕೂಡ ಎರಡು ಸಲ ಕರೆಸಿಕೊಂಡು ಬರುತ್ತದೆ, ಬಿದಾ ಮಾತ್ರ ಒಂದೇ ಸಲಕ್ಕೆ ಬರುತ್ತಾಳೆ ಎಂದು ಅಂಗಡಿಯ ವಾಂಗ್ದಾ ಹೇಳಿ ನಗಿಸುತ್ತಾನೆ. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ. ಆದರೆ ಒಂದು ಕಾಲದಲ್ಲಿ ಇಡೀ ಕಣಿವೆಯಲ್ಲಿ ಅವಳಷ್ಟು ಚಂದವಾಗಿ 'ಬೇಡ' ಎನ್ನುವವರು ಇನ್ನೊಬ್ಬರಿರಲಿಲ್ಲ ಎಂಬುದು ವಾಂಗ್ದಾನಿಗೂ ಗೊತ್ತು.

ಅದನ್ನು ಕಲಿಸಿದವಳು ಅವಳ ಅಕ್ಕ ಯುದೆನ್. ಬಿದಾ ಅಂಬೆಗಾಲಿಡುವಾಗ ತಾಯಿ ಹೋದಳು. ಯುದೆನ್‌ಳಿಗೂ ಆಗ ಆಡುವ ವಯಸ್ಸೇ. ಆದರೂ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಆಲೂಗಡ್ಡೆ ಹೊಲಕ್ಕೆ ಹೋದಳು, ಸೌದೆಗೆ ಹೋದಳು, ಒಲೆಯ ಮುಂದೆ ಕೂತು ಬೇಯಿಸಿದಳು. ಒಮ್ಮೆ ನೆರೆಮನೆಯಲ್ಲಿ ಯಾರೋ ಒಣಗಿಸಿದ ಚೀಸಿನ ತುಂಡು ಮುಂದೆ ಹಿಡಿದಾಗ ಪುಟ್ಟ ಬಿದಾ ಗಬಕ್ಕನೆ ಕಿತ್ತುಕೊಂಡಳು. ಯುದೆನ್ ಅದನ್ನು ಅವಳ ಮುಷ್ಟಿಯಿಂದ ಬಿಡಿಸಿ ತಟ್ಟೆಗೆ ಹಾಕಿ, ತಲೆ ತಗ್ಗಿಸಿ, ತಂಗಿಯ ಕೈ ಹಿಡಿದು ಹೊರಗೆ ಬಂದಳು. ದಾರಿಯಲ್ಲಿ ಚೆನ್ನಾಗಿ ಚಿವುಟಿದಳು. ಆಮೇಲೆ ತಾನೇ ಅತ್ತಳು.

"ಕೇಳಿಲ್ಲಿ. ಮೊದಲ ಬೇಡ ಬಾಯಿಯದು. ಎರಡನೇ ಬೇಡ ನೋಡೋ ಜನರದು. ಹೊಟ್ಟೆ ಮಾತಾಡೋದು ಮೂರನೇ ಸಲಕ್ಕೆ. ತಾಯಿಲ್ಲದ ಮಕ್ಕಳು ಹಸಿದಿದಾವೆ ಅಂತ ಊರು ಆಡ್ಕೋಬಾರದು."

ಮನೆಗೆ ಬಂದ ಮೇಲೆ ತನ್ನ ಪಾಲಿನ ಚೀಸನ್ನು ತಂಗಿಯ ಮುಂದೆ ಹಿಡಿದಳು. ತಗೋ ಎಂದಳು. ಬಿದಾ ಬಿಕ್ಕುತ್ತಲೇ ಬೇಡ ಎಂದಳು. ತಗೋ. ಬೇಡ. ತಗೋಳೇ ಕತ್ತೆ. ಮೂರನೆಯ ಸಲಕ್ಕೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಅದು ಅವರಿಬ್ಬರ ಆಟವಾಯಿತು. ಯುದೆನ್ ಮದುವೆಯಾಗಿ ಚೆಲೆಲಾ ಘಾಟಿ ದಾಟಿ ಆಚೆ ಕಣಿವೆಯ ಪಾರೋಗೆ ಹೋದ ಮೇಲೂ ಅದು ನಿಲ್ಲಲಿಲ್ಲ. ತಂಗಿಯನ್ನು ಬಸ್ಸು ಹತ್ತಿಸಲು ಬಂದಾಗ ಕೆಂಪಕ್ಕಿಯ ಗಂಟು ಕಿಟಕಿಯ ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು. "ನೀವಿಬ್ಬರು ಮುಗಿಸಿದರೆ ನಾನು ಗೇರ್ ಹಾಕ್ತೀನಿ" ಎಂದು ಡ್ರೈವರ್ ಗೊಣಗುತ್ತಿದ್ದ. ಇಬ್ಬರಿಗೂ ತಲೆ ನರೆತಿತ್ತು, ಆಟಕ್ಕೆ ನರೆ ಬಂದಿರಲಿಲ್ಲ.

ಬಿದಾಳ ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಅವಳಿಗೆ ತನ್ನವರು ಎಂದು ಉಳಿದಿದ್ದವಳು ಅಜಿಂ ಒಬ್ಬಳೇ. ಅಕ್ಕನನ್ನು ಅವಳು ಹೆಸರು ಹಿಡಿದು ಕರೆದವಳಲ್ಲ, ಅಜಿಂ ಎಂದೇ ಕರೆಯುತ್ತಿದ್ದಳು.

ನಮ್ಮ ಕಣಿವೆಗೆ ಆಗಷ್ಟೇ ಹೊರದೇಶದವರನ್ನು ಬಿಡಲು ಶುರುಮಾಡಿದ್ದರು. ಇಡೀ ಊರಿಗೆ ವಾಂಗ್ದಾನ ಅಂಗಡಿಯ ಫೋನ್ ಒಂದೇ ಇತ್ತು. ಆ ಚಳಿಗಾಲದಲ್ಲಿ ಗೈಡ್ ಚೆಂಚೋ ತನ್ನ ಜೀಪಿನಲ್ಲಿ ಗಂಡಹೆಂಡತಿಯ ಜೋಡಿಯೊಂದನ್ನು ಎರಡು ರಾತ್ರಿ ತಂಗಲು ಬಿದಾಳ ಮನೆಗೆ ಕರೆತಂದ. ಗಂಡ ಯಾನ್, ಬಾಗಿಲಿನ ಅಡ್ಡಪಟ್ಟಿಗೆ ಪ್ರತಿ ಸಲವೂ ಹಣೆ ಬಡಿಸಿಕೊಳ್ಳುವಷ್ಟು ಎತ್ತರದವನು. ಹೆಂಡತಿ ಮಾರೈಕೆ, ಬಿಳಿ ಕೂದಲಿನ, ಎಲ್ಲವನ್ನೂ ಮುಟ್ಟಿ ನೋಡುವ ಹೆಂಗಸು. ಇಬ್ಬರೂ ಕೆಲಸದಿಂದ ನಿವೃತ್ತರಾಗಿ, ಮೊದಲ ಸಲ ಇಷ್ಟು ದೂರ ಬಂದವರು. ಅವರ ದೇಶ ಹಾಲೆಂಡ್. ಅಲ್ಲಿ ಗುಡ್ಡವೇ ಇಲ್ಲ ಎಂದು ಚೆಂಚೋ ಹೇಳಿದಾಗ ಬಿದಾ ಸೌಟು ಹಿಡಿದುಕೊಂಡೇ ನಿಂತಳು.

"ಗುಡ್ಡ ಇಲ್ಲದಿದ್ದರೆ ಅವರ ದೇವರುಗಳು ಎಲ್ಲಿರ್ತಾರೆ?"

"ಅದನ್ನ ನಾನು ಕೇಳಿಲ್ಲ ಔಮ್. ಕೇಳಿದರೆ ಅವರಿಗೇ ಗೊತ್ತಿಲ್ಲದಿದ್ದರೆ ಬೇಜಾರು ಮಾಡ್ಕೋತಾರೆ."

ಆ ಇಬ್ಬರಿಗೆ ಕಂಡದ್ದೆಲ್ಲ ಬೆರಗು. ಬಾಗಿಲಿಗೆ ಬೀಗವಿಲ್ಲ ಎಂದು ಬೆರಗು. ಬೆಳಿಗ್ಗೆ ಎದ್ದು ದೇವರ ಮುಂದಿನ ಬಟ್ಟಲುಗಳಿಗೆ ನೀರು ತುಂಬುವುದು ಬೆರಗು. ಬೆಣ್ಣೆ ಚಹಾ ಕುಡಿದು ಯಾನ್‌ನ ಮುಖ ಒಂದು ಕ್ಷಣ ಗಂಟಾದರೂ ಮರುಕ್ಷಣ ನಗು ಬಂತು. ಸಂಜೆ ಒಲೆಯ ಸುತ್ತ ಕೂತಾಗ ಮಾರೈಕೆ ಬಿದಾಳ ಒಡೆದ ಅಂಗೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಏನೋ ಕೇಳಿದಳು.

"ನಿಮಗೆ ಏನಾದರೂ ಬೇಕು ಅನ್ನೋ ಆಸೆ ಇದೆಯಾ ಅಂತ ಕೇಳ್ತಿದಾರೆ," ಎಂದ ಚೆಂಚೋ.

ಹೀಗೆ ಕೇಳಿದರೆ ಯಾರಾದರೂ ಬೇಕು ಎನ್ನುತ್ತಾರೆಯೇ? ಬಿದಾ ಬಾಯಿಗೆ ಕೈ ಅಡ್ಡ ಹಿಡಿದು, "ಏನೂ ಬೇಡ, ಎಲ್ಲ ಇದೆ" ಎಂದಳು. ಅದನ್ನು ಕೇಳಿ ಆ ಹೆಂಗಸಿನ ಕಣ್ಣು ತುಂಬಿತು. ಅತಿಥಿಗಳು ಮಲಗುವ ಕೋಣೆಯ ಮಾಡು ಸೋರುತ್ತಿತ್ತು, ಬಿದಾಳ ಮಂಡಿ ಊದಿಕೊಂಡಿತ್ತು, ಆ ಬೇಸಿಗೆಯಲ್ಲಿ ಹಸುವೊಂದು ಕಂದಕಕ್ಕೆ ಬಿದ್ದು ಸತ್ತಿತ್ತು. ಎರಡನೆಯ ಸಲ ಕೇಳಿದ್ದರೆ ಹಸುವಿನ ಸುದ್ದಿಯಾದರೂ ಹೇಳುತ್ತಿದ್ದಳೇನೋ. ಅವರು ಕೇಳಲಿಲ್ಲ. ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡು, ಭಾರವಾದ ಏನನ್ನೋ ಕಲಿತವರ ಹಾಗೆ ತಲೆಯಾಡಿಸಿದರು.

ಬಿದಾ ತಪ್ಪು ತಿಳಿದದ್ದು ಊಟದ ಹೊತ್ತಿನಲ್ಲಿ. ಸೊಪ್ಪು, ಚೀಸು ತುಂಬಿದ ಕಪ್ಪು ಹಿಟ್ಟಿನ ಕಡುಬು, ಚೀಸಿನಲ್ಲಿ ಬೇಯಿಸಿದ ಮೆಣಸಿನಕಾಯಿ, ಕೆಂಪಕ್ಕಿಯ ಅನ್ನ. ಯಾನ್ ಒಂದು ತಟ್ಟೆ ತಿಂದು ಸಾಕು ಎಂದ. ಬಿದಾ ಬಡಿಸಿದಳು. ಅವನು ಬೆವರು ಒರೆಸಿಕೊಂಡು, ಅಂಗೈ ಅಡ್ಡ ಹಿಡಿದು ಬೇಡ ಎಂದ. ಬಿದಾ ಮತ್ತೆ ಬಡಿಸಿದಳು. ಕಡೆಗೆ ಅವನು ಎರಡೂ ಕೈಯಿಂದ ತಟ್ಟೆ ಮುಚ್ಚಿ, ಅಳುಮುಖ ಮಾಡಿಕೊಂಡು ಹೆಂಡತಿಯ ಕಡೆ ನೋಡಿದ. ಬಿದಾ ಬೆರಳ ಸಂದಿಯಿಂದಲೇ ಇನ್ನೊಂದು ಕಡುಬು ಇಳಿಸಿದಳು. ನಿಜಕ್ಕೂ ಸಾಕು ಎಂದು ಹೇಳಿಬಿಡೋಣವೆಂದು ಚೆಂಚೋನ ನಾಲಿಗೆಯ ತುದಿಗೆ ಬಂತು. ಆದರೆ ಬಡಿಸುವ ಕೈಯನ್ನು ತಡೆಯುವುದು ಯಾವ ಮರ್ಯಾದೆ? ಅವನೂ ನಮ್ಮವನೇ ತಾನೇ, ಸುಮ್ಮನಾದ. ಊಟವಾದ ಮೇಲೆ ಆ ಎತ್ತರದ ಮನುಷ್ಯ ಹೊಟ್ಟೆ ಹಿಡಿದುಕೊಂಡು ಕೊರೆಯುವ ಚಳಿಯಲ್ಲಿ ಅಂಗಳದಲ್ಲಿ ಸುತ್ತುಹಾಕುತ್ತಿದ್ದ.

"ಎಂಥ ನಡತೆ ನೋಡು," ಎಂದಳು ಬಿದಾ ಪಾತ್ರೆ ಒರೆಸುತ್ತ. "ಮೂರು ಸಲ ಬೇಡ ಅಂದರು, ಕೈ ಅಡ್ಡ ಹಿಡಿದೇ ಅಂದರು. ಥಿಂಫುವಿನ ನಿಮ್ಮ ಹುಡುಗರು ಇದನ್ನೆಲ್ಲ ಮರೆತಿದಾರೆ. ಇವರ ತಾಯಂದಿರು ಚೆನ್ನಾಗಿ ಬೆಳೆಸಿದಾರೆ ಕಣಪ್ಪ."

ಚೆಂಚೋ ಕೆಮ್ಮಿದ.

ಮಾರನೆಯ ಬೆಳಿಗ್ಗೆ ಆಕಾಶ ಬೂದಿಯ ಬಣ್ಣಕ್ಕಿತ್ತು. ಹಿಮ ಬೀಳುವ ಮೊದಲೇ ಚೆಲೆಲಾ ದಾಟಿ ಪಾರೋ ಸೇರಬೇಕೆಂದು ಚೆಂಚೋ ಕೆಳಗೆ ರಸ್ತೆಯಲ್ಲಿ ನಿಲ್ಲಿಸಿದ್ದ ಜೀಪಿಗೆ ಬಿಸಿನೀರು ಹೊತ್ತುಕೊಂಡು ಹೋದ. ಅವನು ಗಾಜಿನ ಮಂಜು ಕೆರೆಯುತ್ತಿರುವಾಗ ಇತ್ತ ವಾಂಗ್ದಾ ಏದುಸಿರು ಬಿಡುತ್ತ ಮಹಡಿಯ ಏಣಿ ಹತ್ತಿ ಬಂದ. ಆ ದಿನ ಅವನು ತಮಾಷೆ ಮಾಡಲಿಲ್ಲ.

"ಪಾರೋದಿಂದ ನಿಮ್ಮ ಅಕ್ಕನ ಮಗ ಫೋನ್ ಮಾಡಿದ್ದ. ಅಕ್ಕನಿಗೆ ಹುಷಾರಿಲ್ಲ. ಉಸಿರು ಹಿಡೀತಾ ಇದೆಯಂತೆ, ಲಾಮಾನ್ನ ಕರೆಸಿದಾರೆ. ನಿನ್ನನ್ನೇ ಕೇಳ್ತಿದಾಳಂತೆ. ಇವತ್ತೇ ಬಾ ಅಂದ."

ಆ ದಿನದ ಬಸ್ಸು ನಸುಕಿನಲ್ಲೇ ಹೋಗಿತ್ತು. ವಾಂಗ್ದಾ ಹೋದ ಮೇಲೆ ಬಿದಾ ಒಲೆಯ ಪಕ್ಕ ಕುಸಿದಳು. ತಲೆಯಲ್ಲಿ ಇದ್ದದ್ದು ಒಂದೇ: ಜೀಪು ಪಾರೋಗೆ ಹೋಗುತ್ತಿದೆ. ಜೀಪಿನ ಹಿಂದಿನ ಸೀಟಿನಲ್ಲಿ ಜಾಗವಿದೆ. ಮಧ್ಯಾಹ್ನದೊಳಗೆ ಅಜಿಂ ಮುಂದೆ ಕೂರಬಹುದು. ಆದರೆ ಅತಿಥಿಯ ಮುಂದೆ ಮನೆಯವಳು ಕೈಚಾಚುವುದುಂಟೇ?

ಮಾರೈಕೆ ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಬಿದಾ ದೇವರ ಗೂಡಿನ ಪಕ್ಕದಲ್ಲಿದ್ದ ಅಕ್ಕನ ಫೋಟೋ ತೋರಿಸಿದಳು. ಹಿಂದಿನ ದಿನವೇ ಅದು ಯಾರು, ಎಲ್ಲಿರುವುದು ಎಂದು ಚೆಂಚೋ ಅವರಿಗೆ ಹೇಳಿದ್ದ. ಹಾಸಿಗೆ ಹಿಡಿದಿದ್ದಾಳೆ ಎನ್ನುವಂತೆ ಬಿದಾ ಅಂಗೈಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ ತೆರೆದಳು. ಆ ಹೆಂಗಸಿಗೆ ಅರ್ಥವಾಯಿತು. ಗಂಡನ ಕಡೆ ನೋಡಿದಳು, ಅವನು ತಕ್ಷಣ ತಲೆಯಾಡಿಸಿದ. ಅವಳು ಬಿದಾಳನ್ನು ತೋರಿಸಿ, ತಮ್ಮಿಬ್ಬರನ್ನು ತೋರಿಸಿ, ಕೆಳಗಿನ ರಸ್ತೆಯ ಕಡೆ ಕೈಮಾಡಿ, "ಪಾರೋ" ಎಂದಳು. ಬಾ ಎಂದು ಕೈಯಲ್ಲಿ ಕರೆದಳು. ಇದಕ್ಕೆ ಯಾವ ಭಾಷೆ ಬೇಕು?

ಬಿದಾಳ ಜೀವ ಮರಳಿ ಬಂತು. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದು, ತಲೆ ತಗ್ಗಿಸಿ, ತಲೆ ಅಲ್ಲಾಡಿಸಿ, "ಬೇಡ ಬೇಡ" ಎಂದಳು.

ಅದು ಬಾಯಿಯ ಬೇಡ. ಮೂರು ಸಲ ತಟ್ಟೆ ಮುಚ್ಚಿದ ಜನರಿಗೆ ಅಷ್ಟು ಗೊತ್ತಿಲ್ಲದೆ ಇರುತ್ತದೆಯೇ? ಎರಡನೆಯ ಸಲ ಜೀಪಿನ ಹತ್ತಿರ ಕೇಳುತ್ತಾರೆ, ಮೂರನೆಯ ಸಲ ಬಾಗಿಲು ತೆಗೆದು ಹಿಡಿಯುತ್ತಾರೆ, ಆಗ ತಾನು ಹತ್ತಬೇಕು ಎಂದು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಳು. ಮಾರೈಕೆ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡು, ಬೆನ್ನು ಸವರಿ, ಎದ್ದಳು. ಆ ಅಪ್ಪುಗೆಯಲ್ಲಿ ಬಿದಾಳಿಗೆ ಎಲ್ಲ ನಿಶ್ಚಯವಾದಂತೆ ಅನ್ನಿಸಿತು.

ಅವಳು ಒಳಕೋಣೆಗೆ ಓಡಿದಳು. ಪೆಟ್ಟಿಗೆಯಿಂದ ಒಳ್ಳೆಯ ಕಿರಾ ತೆಗೆದಳು. ಕಿರಾ ಉಡುವುದೆಂದರೆ ಮೈಗೆ ಸುತ್ತಬೇಕು, ನೆರಿಗೆ ಸರಿಮಾಡಬೇಕು, ಹೆಗಲಿನ ಎರಡೂ ಕಡೆ ಕೊಂಡಿ ಸಿಕ್ಕಿಸಬೇಕು, ಸೊಂಟಪಟ್ಟಿ ಬಿಗಿಯಬೇಕು. ಹಳೆಯ ಬಟ್ಟೆಯಲ್ಲೇ ಹೋದರೆ ಅಜಿಂ ಸಾಯುತ್ತಿದ್ದರೂ ಎದ್ದು ಬೈಯುವವಳು. ಒಂದು ಕೊಂಡಿ ಅವಸರದಲ್ಲಿ ಜಾರಿ ಪೆಟ್ಟಿಗೆಯ ಹಿಂದೆ ಬಿತ್ತು. ಕೆಳಗಿನಿಂದ ಚೆಂಚೋ, "ಔಮ್, ನಾವು ಹೊರಟೆವು," ಎಂದು ಕೂಗಿದ್ದು ಕೇಳಿಸಿತು. "ಬಂದೆ, ಬಂದೆ," ಎಂದಳು. ಆ ದಪ್ಪ ಮಣ್ಣಿನ ಗೋಡೆಯಿಂದ ಅವಳ ದನಿ ಹೊರಗೆ ಹೋಗಲಿಲ್ಲ. ಅಕ್ಕನಿಗೆ ಇಷ್ಟವೆಂದು ರಾತ್ರಿ ಉಳಿದ ಕಡುಬುಗಳನ್ನು ಬಟ್ಟೆಯಲ್ಲಿ ಕಟ್ಟಿದಳು. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ನಿಂತ ಜೀಪಿನ ಸದ್ದಲ್ಲ, ಏರು ಹತ್ತುವ ಸದ್ದು.

ಗಂಟು ಹಿಡಿದುಕೊಂಡು, ಒಂದು ಹೆಗಲು ಜಾರಿದ ಕಿರಾದಲ್ಲೇ ಅವಳು ಅಂಗಳಕ್ಕೆ ಓಡಿ ಬಂದಳು. ಜೀಪು ಮಂತ್ರ ಕೆತ್ತಿದ ಕಲ್ಲುಗೋಡೆಯ ತಿರುವಿನಲ್ಲಿತ್ತು. ಕಿಟಕಿಯಿಂದ ಮಾರೈಕೆಯ ಕೈ ಹೊರಗೆ ಬಂದು ಬೀಸುತ್ತಿತ್ತು. ಬಿದಾ ಕೂಡ ಕೈ ಬೀಸಿದಳು. ಅತಿಥಿ ಕೈ ಬೀಸುವಾಗ ಸುಮ್ಮನೆ ನಿಲ್ಲಲು ಅವಳಿಗೆ ಬರುತ್ತಿರಲಿಲ್ಲ.

ಆಮೇಲೆ ಅವಳು ರಸ್ತೆಗೆ ಇಳಿದು ಕತ್ತಲಾಗುವವರೆಗೆ ನಿಂತಳು. ಹತ್ತು ಗಂಟೆಯ ಹೊತ್ತಿಗೇ ಹಿಮ ಶುರುವಾಗಿತ್ತು, ಚೆಲೆಲಾ ಕಡೆ ಒಂದು ಗಾಡಿಯೂ ಹೋಗಲಿಲ್ಲ. ವಾಂಗ್ದಾ ಬಂದು ತಲೆಯ ಮೇಲಿನ ಹಿಮ ಕೊಡವಿ ಮನೆಗೆ ಕರೆದುಕೊಂಡು ಹೋದ. ಮರುದಿನ ಬಸ್ಸು ಹತ್ತಿದಳು. ಬಸ್ಸು ಬಳಸು ದಾರಿಯದು, ಹೊಳೆಯ ಪಕ್ಕದಲ್ಲೇ ಇಳಿದು, ಎರಡು ಹೊಳೆ ಕೂಡುವಲ್ಲಿ ತಿರುಗಿ, ಮತ್ತೆ ಪಾರೋ ಕಡೆ ಏರುವಂಥದ್ದು. ದಾರಿಯುದ್ದಕ್ಕೂ ಅವಳು ಕಡುಬಿನ ಗಂಟನ್ನು ಮೈಗೆ ಒತ್ತಿಕೊಂಡು ಬೆಚ್ಚಗಿಟ್ಟಿದ್ದಳು.

ಅಕ್ಕನ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡಾಗಲೇ ತಿಳಿಯಿತು. ಯುದೆನ್ ಬೆಳಗಿನ ಜಾವ ಹೋಗಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ಪರದೆಯ ಹಿಂದೆ ಕೂರಿಸಿದ್ದರು, ಈಚೆ ಲಾಮಾಗಳು ಓದುತ್ತಿದ್ದರು. ಅಕ್ಕನ ಮಗ ರಿಂಜಿನ್ ಬಂದು ಚಿಕ್ಕಮ್ಮನ ಕೈಯಿಂದ ಗಂಟು ತೆಗೆದುಕೊಂಡ.

"ನಿನ್ನೆ ಸಂಜೆವರೆಗೂ ಬಾಗಿಲ ಕಡೆನೇ ನೋಡ್ತಿದ್ದಳು," ಎಂದ ಅವನು. "ಫೋನ್ ಮಾಡಿದೀನಿ ಅಮ್ಮ, ಬರ್ತಾಳೆ ಅಂದೆ. ಎಷ್ಟು ಸಲ ಮಾಡಿದೆ ಅಂತ ಕೇಳಿದಳು. ಒಂದು ಸಲ ಅಂದೆ. ಒಂದು ಸಲ ಕರೆದರೆ ಅವಳು ಬರೋಲ್ಲ ಕಣೋ, ನಾನೇ ಹಾಗೆ ಬೆಳೆಸಿದೀನಿ, ಇನ್ನೆರಡು ಸಲ ಕರಿ ಅಂದಳು. ನಾನು ಅಂಗಡಿಗೆ ಹೋದೆ. ಅಷ್ಟು ಹೊತ್ತಿಗೆ ಲೈನ್ ಸಿಗಲಿಲ್ಲ."

ಬಿದಾ ಅವನಿಗೆ ಏನೆಂದು ಹೇಳಬೇಕು? ಕರೆದರು, ನಾನೇ ಬೇಡ ಅಂದೆ ಎಂದೇ?

ಸಂಜೆಯ ಊಟದ ಹೊತ್ತಿಗೆ ಸತ್ತವಳ ಪಾಲಿನ ತಟ್ಟೆ ಇಡುವ ಕೆಲಸ ತಂಗಿಯದಾಯಿತು. ಅನ್ನದ ಪಕ್ಕದಲ್ಲಿ ತಾನು ತಂದ ಕಡುಬು ಇಟ್ಟು, ಪರದೆಯ ಮುಂದೆ ಮಂಡಿಯೂರಿ, "ತಗೋ ಅಜಿಂ," ಎಂದಳು. ಅಷ್ಟು ಹೇಳಿ, ಐವತ್ತು ವರ್ಷದ ಅಭ್ಯಾಸ, ಬೇಡ ಎನ್ನುವ ದನಿಗಾಗಿ ಕಾದಳು. ಲಾಮಾಗಳ ಓದು ನಡೆದೇ ಇತ್ತು. "ತಗೋ ಅಜಿಂ," ಎಂದಳು ಮತ್ತೆ. ಮೂರನೆಯ ಸಲ ಹೇಳುವಾಗ ದನಿ ಒಡೆದುಹೋಯಿತು. ಪಕ್ಕದ ಮುದುಕಿಯೊಬ್ಬಳು ಅವಳ ಭುಜ ಹಿಡಿದು, "ಒಂದು ಸಲ ಸಾಕು ಮಗಳೇ, ಸತ್ತವರಿಗೆ ಉಪಚಾರ ಇಲ್ಲ," ಎಂದಳು.

ನಲವತ್ತೊಂಬತ್ತು ದಿನದ ಕಾರ್ಯ ಮುಗಿಸಿ, ಅಕ್ಕನ ಹೆಸರಿನ ಬಿಳಿ ಬಾವುಟಗಳನ್ನು ನೆಡಿಸಿ ಬಿದಾ ಊರಿಗೆ ಬಂದಳು. ಆಲೂಗಡ್ಡೆ ನೆಡುವ ದಿನಗಳಲ್ಲಿ ಚೆಂಚೋ ಒಬ್ಬನೇ ಬಂದ. ಜೀಪನ್ನು ದೂರದಲ್ಲೇ ನಿಲ್ಲಿಸಿ, ಹೊಲದ ಬದುವಿನ ಮೇಲೆ ತಲೆ ತಗ್ಗಿಸಿ ನಿಂತ. ಬಿದಾ ಗುದ್ದಲಿ ಬದಿಗಿಟ್ಟು ಬದುವಿಗೆ ಬಂದಳು.

"ವಿಷಯ ತಿಳೀತು ಔಮ್. ನನಗೆ ಆ ದಿನ ಏನೂ ಗೊತ್ತಿರಲಿಲ್ಲ. ನೀವೆಲ್ಲಿ ಅಂತ ಅವರನ್ನ ಕೇಳಿದೆ. ಕೆಟ್ಟ ಸುದ್ದಿ ಬಂದಿದೆ, ಒಬ್ಬರೇ ಇರೋಕೆ ಬಿಡೋಣ ಅಂದರು. ಚೆಲೆಲಾ ಮೇಲೆ ಮಂತ್ರದ ಬಾವುಟ ಕಟ್ಟೋವಾಗ ಬಾಯಿಬಿಟ್ಟರು. ಜೊತೆಗೆ ಬನ್ನಿ ಅಂದ್ವಿ, ಅವರು ಬೇಡ ಅಂದರು ಅಂತ. ಎಷ್ಟು ಸಲ ಕೇಳಿದಿರಿ ಅಂದೆ. ಒಂದು ಸಲ ಅಂದರು. ಅವರ ದೇಶದಲ್ಲಿ ಬೇಡ ಅಂದವರನ್ನ ಮತ್ತೆ ಕೇಳಿದರೆ ಅವಮಾನ ಮಾಡಿದ ಹಾಗಂತೆ." ಅವನು ಮೂಗು ಒರೆಸಿಕೊಂಡ. "ಹಿಂದೆ ತಿರುಗಿ ನೋಡಿದೆ. ರಸ್ತೆನೇ ಕಾಣ್ತಿರಲಿಲ್ಲ, ಎಲ್ಲ ಬಿಳಿ."

ಬಿದಾ ಕೈಗೆ ಮೆತ್ತಿದ್ದ ಮಣ್ಣನ್ನು ಉಜ್ಜುತ್ತ ಕೂತಳು.

"ಅವರು ಇನ್ನೇನು ಅಂದರು?"

ಚೆಂಚೋ ಬದುವಿನ ಮಣ್ಣನ್ನು ಕಾಲಿನಿಂದ ಕೆದಕಿದ. "ಈ ದೇಶದಲ್ಲಿ ಮೊದಲು ನೋಡಿದ ಮನೆ ನಿಮ್ಮದೇ, ಅದನ್ನ ಮರೆಯೋಲ್ಲ ಅಂದರು. ಅಷ್ಟು ದುಃಖದಲ್ಲೂ ಏನೂ ಬೇಡ ಅಂದ ಹೆಂಗಸು, ಇಂಥ ತೃಪ್ತಿ ನಮ್ಮ ಕಡೆ ಎಲ್ಲೂ ಇಲ್ಲ ಅಂತ ಆಯಮ್ಮ ಅತ್ತರು. ಊರಿಗೆ ಹೋದ ಮೇಲೂ ಎಲ್ಲರಿಗೂ ಇದನ್ನೇ ಹೇಳ್ತಿದಾರಂತೆ."

ಅವರು ಒಳ್ಳೆಯವರು. ಬಿದಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹೊಲದ ಆಚೆ, ಜೀಪು ತಿರುಗಿ ಹೋದ ಕಲ್ಲುಗೋಡೆಯ ಕಡೆ ನೋಡಿದಳು.

"ಅವರಿಗೆ ಯಾವಾಗಲಾದರೂ ಫೋನ್ ಮಾಡಿದರೆ, ನನಗೆ ಬೇಕಿತ್ತು ಅಂತ ಹೇಳು," ಎಂದಳು. "ಬೈಬೇಡ. ಬೇಕಿತ್ತು ಅಂತ ಹೇಳು, ಅಷ್ಟು ಸಾಕು."

ಚೆಂಚೋನ ಕೈ ತಾನಾಗಿ ಎದೆಯ ಬಟ್ಟೆಯೊಳಗೆ ಹೋಗಿ ಎಲೆ ಅಡಿಕೆಯ ಡಬ್ಬಿಯನ್ನು ತೆಗೆಯಿತು. ಸುಣ್ಣ ಹಚ್ಚಿ ಮಡಿಸಿದ್ದ ಒಂದನ್ನು ಅವಳ ಮುಂದೆ ಹಿಡಿದು, "ತಗೊಳ್ಳಿ ಔಮ್," ಎಂದ. ಅವಳು ಬೇಡ ಎನ್ನುತ್ತಾಳೆ, ಮತ್ತೆ ಕೇಳಬೇಕು ಎಂದು ಬಾಯಿ ತೆರೆದುಕೊಂಡೇ ಇದ್ದ. ಅಷ್ಟರಲ್ಲಿ ಅವಳು ಮಣ್ಣಿನ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಿದ್ದಳು.